ಅಮೆರಿಕ ಎಷ್ಟು ದೂರ? ಆಕಾಶದ ಲೆಕ್ಕವೇ ಬೇರೆ

ಸೊಲ್ಲಾಪುರ: ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಗಡಿಭಾಗದ ಕನ್ನಡಿಗರಿಗೆ ಮನೆಯ ಗಾಡಿ ಇದ್ದ ಹಾಗೆ. ಆದೋನಿಯವರೂ ಅದನ್ನೇ ಹತ್ತುತ್ತಾರೆ, ಸೊಲ್ಲಾಪುರದವರೂ ಅದನ್ನೇ ಹತ್ತುತ್ತಾರೆ. ರಾಯಚೂರು, ಕಲಬುರ್ಗಿ, ಸೊಲ್ಲಾಪುರ, ದೌಂಡ, ಮನಮಾಡ ಅಂತ ಸುತ್ತಿ ಬಳಸಿ ದೆಹಲಿ ಮುಟ್ಟುವಷ್ಟರಲ್ಲಿ ಸುಮಾರು 2,400 ಕಿ.ಮೀ. ಆಗಿರುತ್ತದೆ. ಅದೇ ಎರಡು ಊರುಗಳ ನಡುವೆ ಆಕಾಶದಲ್ಲಿ ನೆಟ್ಟಗೆ ಅಳೆದರೆ 1,710 ಕಿ.ಮೀ. ಮಾತ್ರ. ಉಳಿದ ಏಳುನೂರು ಕಿಲೋಮೀಟರ್ ಹಳಿಯ ಸುತ್ತು.

ಇದು ಎಲ್ಲರಿಗೂ ತಿಳಿಯುವ ಮಾತು. ನೆಲದ ಮೇಲೆ ಗುಡ್ಡ ಅಡ್ಡ ಬರುತ್ತದೆ, ಹೊಳೆ ಅಡ್ಡ ಬರುತ್ತದೆ, ಊರು ಬರುತ್ತದೆ. ಆಕಾಶದಲ್ಲಿ ಏನು ಅಡ್ಡ ಬರುತ್ತದೆ? ಏನೂ ಇಲ್ಲ, ವಿಮಾನ ನೆಟ್ಟಗೆ ಹೋಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಎಷ್ಟೋ ಮನೆಗಳ ಮಕ್ಕಳು ಈಗ ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿಗಳಲ್ಲಿ ಇದ್ದಾರೆ. ಅವರು ಊರಿಗೆ ಬರುವ, ಇಲ್ಲಿಂದ ತಂದೆತಾಯಿ ಅಲ್ಲಿಗೆ ಹೋಗುವ ತಿಕೀಟುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಲೆಕ್ಕ ಕೂಡುವುದೇ ಇಲ್ಲ. ಅದೇ ಊರು, ಅದೇ ಕಂಪನಿ, ಹೋದ ವರ್ಷ ಇಷ್ಟು ತಾಸು, ಈ ವರ್ಷ ಅದಕ್ಕಿಂತ ಮೂರು ತಾಸು ಹೆಚ್ಚು. ಊರೇನು ದೂರ ಸರಿದಿರುವುದಿಲ್ಲ. ಹಂಗಾದರೆ ಸರಿದದ್ದು ಏನು?

ದೆಹಲಿಯಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಹೋಗುವ ವಿಮಾನದ ಕಥೆಯನ್ನು ಹಿಡಿದು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ.

ದಾರ ಹಿಡಿದು ಅಳೆದರೆ

ಶಾಲೆಯ ಗೋಡೆಯ ಮೇಲಿನ ನಕಾಶೆ ನೋಡಿ ದೂರ ಅಳೆಯಲು ಹೋದರೆ ಮೋಸ ಹೋಗುತ್ತೇವೆ. ದುಂಡಗಿರುವ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಹಾಸಿದಾಗ ಉತ್ತರದ ದೇಶಗಳು ಎಳೆದ ರಬ್ಬರಿನಂತೆ ಹಿಗ್ಗುತ್ತವೆ. ಹೀಗಾಗಿ ಅದರ ಮೇಲೆ ಎಳೆದ ನೇರ ಗೆರೆ ನಿಜಕ್ಕೂ ಹತ್ತಿರದ ದಾರಿ ಅಲ್ಲ.

ಅದರ ಬದಲು ಪ್ರಯೋಗಶಾಲೆಯ ಕಪಾಟಿನಲ್ಲಿ ಧೂಳು ಹಿಡಿದು ಕುಳಿತ ಗ್ಲೋಬ್ ತೆಗೆಯಬೇಕು. ದೆಹಲಿಯ ಮೇಲೆ ದಾರದ ಒಂದು ತುದಿ, ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇನ್ನೊಂದು ತುದಿ ಇಟ್ಟು ಬಿಗಿಯಾಗಿ ಎಳೆದರೆ ದಾರ ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಸೀದಾ ಉತ್ತರಕ್ಕೆ ಏರುತ್ತದೆ! ಟಿಬೆಟ್, ಚೀನಾದ ಶಿಂಜಿಯಾಂಗ್, ರಷ್ಯಾದ ಸೈಬೀರಿಯಾ ದಾಟಿ, ಆರ್ಕ್ಟಿಕ್ ಸಾಗರದ ಹಿಮದ ಮೇಲೆ ಹಾಯ್ದು, ಅಲಾಸ್ಕಾದ ಕಡೆಯಿಂದ ಕೆಳಗೆ ಇಳಿಯುತ್ತದೆ. ಆ ದೂರ ಸುಮಾರು 12,380 ಕಿ.ಮೀ. ಇದನ್ನು ಬಿಟ್ಟು ನಕಾಶೆಯ ಅಡ್ಡಗೆರೆ ಹಿಡಿದು ಪೂರ್ವಕ್ಕೆ ಹೋದರೆ 15,000 ಕಿ.ಮೀ. ಹತ್ತಿರ ಆಗುತ್ತದೆ. ಗೋಳದ ಮೇಲಿನ ಈ ಹತ್ತಿರದ ದಾರಿಗೆ ಮಹಾವೃತ್ತದ ದಾರಿ ಎಂದು ಹೆಸರು.

ಮನೆಯಲ್ಲೇ ಲೆಕ್ಕ ಮಾಡುವವರಿಗೆ ಒಂದು ಸುಲಭ ಉಪಾಯ ಇದೆ. ಒಂದೇ ರೇಖಾಂಶದ ಆಸುಪಾಸಿನಲ್ಲಿರುವ ಎರಡು ಊರುಗಳ ಅಕ್ಷಾಂಶದ ವ್ಯತ್ಯಾಸವನ್ನು 111ರಿಂದ ಗುಣಿಸಿದರೆ ಆಕಾಶದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಬೆಂಗಳೂರು, ದೆಹಲಿ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿವೆ. ಎರಡು ವಿಮಾನ ನಿಲ್ದಾಣಗಳ ನಡುವೆ 15.4 ಡಿಗ್ರಿ ಅಂತರ. ಗುಣಿಸಿದರೆ 1,709. ಸೊಲ್ಲಾಪುರದಿಂದ ದೆಹಲಿಗೆ 11 ಡಿಗ್ರಿ, ಅಂದರೆ ಸುಮಾರು 1,220 ಕಿ.ಮೀ. ಹತ್ತನೇ ಇಯತ್ತೆಯ ಹುಡುಗರೂ ಮಾಡಬಹುದು.

ಭೂಮಿಯ ಸುತ್ತಳತೆಯೇ ಸುಮಾರು 40,000 ಕಿ.ಮೀ. ಆದ್ದರಿಂದ ಯಾವ ಎರಡು ಊರುಗಳ ನಡುವೆಯೂ ಆಕಾಶದಲ್ಲಿ 20,000 ಕಿ.ಮೀ.ಗಿಂತ ಹೆಚ್ಚು ದೂರ ಇರಲು ಸಾಧ್ಯವಿಲ್ಲ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 14,000 ಕಿ.ಮೀ. ಅಂದರೆ ಮಗ ಅಲ್ಲಿದ್ದಾನೆ ಎಂದರೆ, ಭೂಮಿಯ ಮೇಲೆ ಮನುಷ್ಯ ಹೋಗಬಹುದಾದ ಅತಿ ದೂರದ ಶೇ 70ರಷ್ಟು ದೂರ ಹೋಗಿ ಕುಳಿತಿದ್ದಾನೆ ಅಂತ.

ದೂರ ಹೆಚ್ಚು, ತಾಸು ಕಡಿಮೆ

ಗ್ಲೋಬಿನ ದಾರ ತೋರಿಸಿದ ದಾರಿಯಲ್ಲಿ ವಿಮಾನ ಹಾಗೇ ಹೋಗುವುದಿಲ್ಲ. ಮೊದಲ ಅಡ್ಡಿ ಟಿಬೆಟ್. ವಿಮಾನದ ಒಳಗಿನ ಗಾಳಿಯ ಒತ್ತಡ ತಪ್ಪಿದರೆ ಪೈಲಟ್ ಕೂಡಲೇ ಹತ್ತು ಸಾವಿರ ಅಡಿ ಎತ್ತರದವರೆಗೆ ಇಳಿಯಬೇಕು, ಏಕೆಂದರೆ ಪ್ರಯಾಣಿಕರ ಮುಖವಾಡದಲ್ಲಿ ಬರುವ ಆಮ್ಲಜನಕ ಕೆಲವೇ ನಿಮಿಷ ಸಾಕಾಗುತ್ತದೆ. ಟಿಬೆಟಿನ ನೆಲವೇ ಅದಕ್ಕಿಂತ ಎತ್ತರ. ಇಳಿಯುವುದು ಎಲ್ಲಿ? ಹೀಗಾಗಿ ವಿಮಾನಗಳು ಸಾಮಾನ್ಯವಾಗಿ ಆ ಪ್ರದೇಶ ಬಳಸಿಕೊಂಡು ಹೋಗುತ್ತವೆ.

ಏರ್ ಇಂಡಿಯಾ 2015ರ ಡಿಸೆಂಬರ್‌ನಲ್ಲಿ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ನೇರ ವಿಮಾನ ಆರಂಭಿಸಿದಾಗ ಅದು ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದ ಮೇಲಿಂದ ಹೋಗುತ್ತಿತ್ತು. ಆ ದಾರಿ ಸುಮಾರು 13,900 ಕಿ.ಮೀ. ಮುಂದಿನ ವರ್ಷ, 2016ರ ಅಕ್ಟೋಬರ್ 16ರಂದು, ಅದೇ ವಿಮಾನವನ್ನು ಪೂರ್ವಕ್ಕೆ ತಿರುಗಿಸಿ ಪೆಸಿಫಿಕ್ ಸಾಗರದ ಮೇಲಿಂದ ಒಯ್ದರು. ದೂರ ಸುಮಾರು 15,300 ಕಿ.ಮೀ. ಆಯಿತು, 1,400 ಕಿ.ಮೀ. ಹೆಚ್ಚು. ಆಗ ಅದು ಜಗತ್ತಿನ ಅತಿ ಉದ್ದದ ನೇರ ವಿಮಾನ ಎಂದು ಸುದ್ದಿಯಾಯಿತು. ಆದರೆ ತಲುಪಿದ್ದು ಹದಿನಾಲ್ಕೂವರೆ ತಾಸಿನಲ್ಲಿ, ಮೊದಲಿಗಿಂತ ಸುಮಾರು ಎರಡು ತಾಸು ಬೇಗ!

ಕಾರಣ ಗಾಳಿ. ಹತ್ತು ಕಿಲೋಮೀಟರ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಜೋರು ಗಾಳಿ ಇದೆ. ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಪೂರ್ವಕ್ಕೆ ಹೊರಟ ವಿಮಾನಕ್ಕೆ ಅದು ಬೆನ್ನುಗಾಳಿ, ಪಶ್ಚಿಮಕ್ಕೆ ಹೊರಟದ್ದಕ್ಕೆ ಎದುರುಗಾಳಿ. 15,300 ಕಿ.ಮೀ.ಯನ್ನು ಹದಿನಾಲ್ಕೂವರೆ ತಾಸಿನಿಂದ ಭಾಗಿಸಿದರೆ ತಾಸಿಗೆ ಸಾವಿರದ ಐವತ್ತರ ಮೇಲೆ ಬರುತ್ತದೆ. ಅಟ್ಲಾಂಟಿಕ್ ದಾರಿಯಲ್ಲಿ ಎಂಟುನೂರ ನಲವತ್ತರ ಆಸುಪಾಸು. ಇಂಜಿನ್ ಅದೇ, ವಿಮಾನ ಅದೇ ಬೋಯಿಂಗ್ 777. ತಾಸಿಗೆ ಸುಮಾರು 9,600 ಲೀಟರ್ ಇಂಧನ ಕುಡಿಯುವ ವಿಮಾನ ಎಂದು ಆಗ ವರದಿಯಾಗಿತ್ತು. ಎರಡು ತಾಸು ಉಳಿದರೆ ಎಷ್ಟು ಉಳಿಯಿತು ಎಂಬುದು ವ್ಯಾಪಾರಸ್ಥರಿಗೆ ಹೇಳಬೇಕಿಲ್ಲ.

ಇನ್ನೊಂದು ಗಮ್ಮತ್ತೂ ಇತ್ತು. 16ರ ನಸುಕಿನಲ್ಲಿ ದೆಹಲಿ ಬಿಟ್ಟ ವಿಮಾನ ಪೆಸಿಫಿಕ್ ಮೇಲೆ ತಾರೀಖಿನ ಗೆರೆ ದಾಟಿ 15ಕ್ಕೆ ಹಿಂದೆ ಸರಿಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದಾಗ ಮತ್ತೆ 16ರ ಬೆಳಗು. ಪ್ರಯಾಣಿಕರಿಗೆ ಒಂದೇ ತಾರೀಖು ಎರಡು ಸಲ ಸಿಕ್ಕಿತು.

ಈ ಗಾಳಿಯನ್ನು ಮೊದಲು ಕ್ರಮವಾಗಿ ಅಳೆದವರು ಜಪಾನಿನ ಹವಾಮಾನ ತಜ್ಞ ವಸಬುರೊ ಓಯಿಶಿ. 1920ರ ದಶಕದಲ್ಲಿ ಬಲೂನು ಹಾರಿಬಿಟ್ಟು ಅಳೆದು, 1926ರಲ್ಲಿ ವರದಿ ಪ್ರಕಟಿಸಿದರು. ಎಲ್ಲ ದೇಶದವರಿಗೂ ತಿಳಿಯಲಿ ಎಂದು ಅದನ್ನು ಎಸ್ಪೆರಾಂಟೊ ಎಂಬ ಕಟ್ಟಿದ ಭಾಷೆಯಲ್ಲಿ ಬರೆದರು. ಆ ಭಾಷೆ ಬಲ್ಲವರು ಕಡಿಮೆ, ಓದುವವರೇ ಇಲ್ಲದಾಯಿತು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಹಾರಿದ ಅಮೆರಿಕದ ವಿಮಾನಗಳು ಈ ಗಾಳಿಗೆ ಸಿಕ್ಕು ತತ್ತರಿಸಿದ ಮೇಲೆಯೇ ಜಗತ್ತಿಗೆ ಇದರ ಜೋರು ಗೊತ್ತಾಯಿತು. ಒಂದು ಭಾಷೆಯಲ್ಲಿ ಮಾತಾಡಿ ಇನ್ನೊಂದರಲ್ಲಿ ಅರ್ಜಿ ಬರೆಯುವ ಗಡಿಭಾಗದವರಿಗೆ ಓಯಿಶಿ ಅವರ ಫಜೀತಿ ಬೇಗ ಅರ್ಥವಾದೀತು.

ಬೆಂಗಳೂರಿನ ನೇರ ವಿಮಾನ

ಕನ್ನಡಿಗರ ಮಟ್ಟಿಗೆ ದೊಡ್ಡ ಸುದ್ದಿ ಆದದ್ದು 2021ರ ಜನವರಿಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದಿಂದ 9ರ ರಾತ್ರಿ ಹೊರಟ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ದಾರಿ ಹಿಡಿದು ಸುಮಾರು ಹದಿನೇಳು ತಾಸು ಎಲ್ಲಿಯೂ ನಿಲ್ಲದೆ ಹಾರಿ 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ನಡೆಸಿದ ಪೈಲಟ್‌ಗಳೆಲ್ಲ ಮಹಿಳೆಯರು. ಎರಡು ಊರುಗಳ ನೇರ ದೂರ 13,993 ಕಿ.ಮೀ. ಎಂದು ಕಂಪನಿ ಹೇಳಿತ್ತು.

ಗ್ಲೋಬಿನ ದಾರ ಹಿಡಿದರೆ ಈ ದಾರಿ ಸುಮಾರು 71 ಡಿಗ್ರಿ ಉತ್ತರದವರೆಗೆ ಮಾತ್ರ ಏರುತ್ತದೆ, ಧ್ರುವವನ್ನು ಮುಟ್ಟುವುದಿಲ್ಲ. ಆದರೆ ಬೇಕೆಂದೇ ಧ್ರುವದ ನೆತ್ತಿಯ ಮೇಲೆ ಹೋದರೂ ಸುಮಾರು 14,370 ಕಿ.ಮೀ. ಆಗುತ್ತದೆ. ಹೆಚ್ಚಾಗುವುದು ನಾನೂರು ಕಿಲೋಮೀಟರಿಗೂ ಕಡಿಮೆ, ಅರ್ಧ ತಾಸಿನ ಹಾರಾಟ. ಗಾಳಿ ಅನುಕೂಲ ಇದ್ದರೆ ಅದು ದೊಡ್ಡದಲ್ಲ. ಅಲ್ಲಿನ ತೊಂದರೆ ಬೇರೆ. ಧ್ರುವದ ಹತ್ತಿರ ದಿಕ್ಸೂಚಿ ನಂಬುವ ಹಾಗಿಲ್ಲ. ವಿಮಾನದ ಇಂಧನ ಸೊನ್ನೆಗಿಂತ 47 ಡಿಗ್ರಿ ಕೆಳಗೆ ಹೋದರೆ ಹೆಪ್ಪುಗಟ್ಟಬಹುದು, ಅದಕ್ಕೆ ಅದರ ಶಾಖದ ಮೇಲೆ ಕಣ್ಣಿಡಬೇಕು. ಏನಾದರೂ ಕೆಟ್ಟರೆ ಇಳಿಯಲು ಊರುಗಳೇ ಕಡಿಮೆ.

ಹಾಗೆ ಇಳಿಯಬೇಕಾಗಿ ಬಂದ ಪ್ರಸಂಗವೂ ನಡೆದಿದೆ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ವಿಮಾನದ ಒಂದು ಇಂಜಿನ್‌ನಲ್ಲಿ ದೋಷ ಕಂಡು, ರಷ್ಯಾದ ದೂರದ ಪೂರ್ವ ಮೂಲೆಯ ಮಗದಾನ್ ಎಂಬ ಊರಿನಲ್ಲಿ ಇಳಿಸಿದರು. 216 ಪ್ರಯಾಣಿಕರು, 16 ಸಿಬ್ಬಂದಿ. ಅಷ್ಟು ಜನರಿಗೆ ಸಾಕಾಗುವ ಹೋಟೆಲ್ ಅಲ್ಲಿರಲಿಲ್ಲ, ಶಾಲೆಯಲ್ಲಿ, ಹಾಸ್ಟೆಲ್‌ನಲ್ಲಿ ಹಾಸಿಗೆ ಹಾಕಿಕೊಟ್ಟರು. ಮುಂಬೈನಿಂದ ಬೇರೆ ವಿಮಾನ ಹೋಗಿ ಅವರನ್ನು ಹತ್ತಿಸಿಕೊಂಡದ್ದು 8ನೇ ತಾರೀಖು. ಆ ಎರಡು ದಿನ ಭಾರತದ ಎಷ್ಟು ಮನೆಗಳಲ್ಲಿ ಫೋನಿನ ಮುಂದೆಯೇ ಕುಳಿತಿದ್ದರೋ.

ಆಕಾಶಕ್ಕೂ ಗಡಿ

ಗಾಳಿ, ಗುಡ್ಡಕ್ಕಿಂತ ದೊಡ್ಡ ಅಡ್ಡಿ ಮನುಷ್ಯರು ಎಳೆದ ಗಡಿ. ಗಡಿಯ ಪೆಟ್ಟು ಏನು ಎಂಬುದು ಇಲ್ಲಿನ ಓದುಗರಿಗೆ ಬಿಡಿಸಿ ಹೇಳುವ ಅಗತ್ಯವಿಲ್ಲ. ಆದರೆ ನೆಲದ ಗಡಿ ಹತ್ತು ಕಿಲೋಮೀಟರ್ ಮೇಲೂ ಇರುತ್ತದೆ ಎಂಬುದು ವಿಮಾನ ತಡವಾದಾಗಲೇ ನೆನಪಾಗುವುದು.

ಉಕ್ರೇನ್ ಯುದ್ಧ ಶುರುವಾದ 2022ರ ಫೆಬ್ರುವರಿ ನಂತರ ಅಮೆರಿಕ, ಯುರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶ ಬಂದಾಯಿತು. ಫಿನ್‌ಲ್ಯಾಂಡಿನ ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ತಾಸಿನಲ್ಲಿ ಮುಟ್ಟುತ್ತಿದ್ದ ವಿಮಾನ ಹದಿಮೂರು ತಾಸು ಹಾರಬೇಕಾಯಿತು. ಅಮೆರಿಕದ ಕಂಪನಿಗಳೂ ಭಾರತದ ಕೆಲವು ನೇರ ವಿಮಾನ ನಿಲ್ಲಿಸಿದವು. ಭಾರತದ ಕಂಪನಿಗೆ ರಷ್ಯಾದ ನಿರ್ಬಂಧ ಇರಲಿಲ್ಲ. ಮಗದಾನ್‌ನಲ್ಲಿ ಇಳಿದ ವಿಮಾನ ಆ ದಾರಿಯಲ್ಲಿ ಹೋಗುತ್ತಿದ್ದದ್ದು ಅದಕ್ಕೇ.

ನಮ್ಮ ಬದಿಯ ಬಾಗಿಲು ಮುಚ್ಚಿದ್ದು ಪಾಕಿಸ್ತಾನದ ಆಕಾಶ. ಮೊದಲು 2019ರ ಫೆಬ್ರುವರಿ ಕೊನೆಯಿಂದ ಜುಲೈ 16ರವರೆಗೆ. ಆಗ ಜುಲೈ 2ರವರೆಗಿನ ಲೆಕ್ಕದಲ್ಲೇ ಏರ್ ಇಂಡಿಯಾಗೆ 491 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ವಿಮಾನಯಾನ ಸಚಿವರು ರಾಜ್ಯಸಭೆಯಲ್ಲಿ ತಿಳಿಸಿದ್ದರು. ಎರಡನೇ ಸಲ 2025ರ ಏಪ್ರಿಲ್ 24ರಂದು, ಪಹಲ್ಗಾಮ್ ದಾಳಿಯ ನಂತರ. ಭಾರತವೂ ಏಪ್ರಿಲ್ 30ರಂದು ಪಾಕಿಸ್ತಾನದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಎರಡೂ ಕಡೆ ತಿಂಗಳಿಗೊಮ್ಮೆ ಅವಧಿ ಹೆಚ್ಚಿಸುತ್ತಾ ಆ ವರ್ಷ ಪೂರ್ತಿ ಕಳೆಯಿತು.

ಪರಿಣಾಮ ಏನೆಂದರೆ, ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನ ಮೊದಲು ಕೆಳಗೆ ಗುಜರಾತದ ಕಡೆ ಇಳಿದು, ಅರಬ್ಬೀ ಸಮುದ್ರಕ್ಕೆ ಬಂದು, ಅಲ್ಲಿಂದ ಮತ್ತೆ ಮೇಲೆ ಏರಬೇಕು. ಕಲಬುರ್ಗಿಗೆ ಹೋಗುವವ ಪಂಢರಪುರ ಸುತ್ತಿ ಹೋದ ಹಾಗೆ. ಅಮೆರಿಕದ ಕೆಲವು ವಿಮಾನಗಳನ್ನು ವಿಯೆನ್ನಾ, ಕೋಪನ್‌ಹೇಗನ್‌ಗಳಲ್ಲಿ ಇಳಿಸಿ ಇಂಧನ ತುಂಬಿಸಬೇಕಾಯಿತು. ನೇರ ಎಂದು ತಿಕೀಟು ತೆಗೆದವರೂ ನಡುದಾರಿಯಲ್ಲಿ ವಿಮಾನದ ಒಳಗೇ ಕುಳಿತು ಕಾಯ್ದರು. ಒಂದು ವರ್ಷ ಹೀಗೇ ನಡೆದರೆ ಸುಮಾರು 60 ಕೋಟಿ ಡಾಲರ್, ಅಂದರೆ ಐದು ಸಾವಿರ ಕೋಟಿ ರೂಪಾಯಿಗೂ ಮೇಲ್ಪಟ್ಟು ಹೊರೆ ಬೀಳುತ್ತದೆ ಎಂದು ಏರ್ ಇಂಡಿಯಾ ಸರ್ಕಾರಕ್ಕೆ ಬರೆದಿದ್ದು ಸುದ್ದಿಯಾಗಿತ್ತು. ದೆಹಲಿ–ವಾಷಿಂಗ್ಟನ್ ವಿಮಾನ 2025ರ ಸೆಪ್ಟೆಂಬರ್ 1ರಿಂದ ನಿಂತಿತು. ವಿಮಾನಗಳ ಕೊರತೆಯ ಜೊತೆಗೆ ಈ ಸುತ್ತುದಾರಿಯೂ ಕಾರಣ ಎಂದು ಕಂಪನಿ ಹೇಳಿತು.

ದುಬೈ, ದೋಹಾ ಮೇಲಿಂದ ಹೋದರೆ ಈ ರಗಳೆ ಇಲ್ಲ ಅನ್ನುವವರಿದ್ದರು. 2025ರ ಜೂನ್‌ನಲ್ಲಿ ಇರಾನ್–ಇಸ್ರೇಲ್ ಕಾಳಗ ನಡೆದಾಗ 23ರಂದು ಕತಾರ್ ಕೂಡ ಕೆಲವು ತಾಸು ಆಕಾಶ ಮುಚ್ಚಿತು. ದೋಹಾದಲ್ಲಿ ವಿಮಾನ ಬದಲಿಸಬೇಕಾದವರು ಬೇರೆ ಬೇರೆ ದೇಶಗಳಲ್ಲಿ ಇಳಿದರು.

ಇದರ ಬಿಸಿ ಮುಟ್ಟುವುದು ಮನೆಗೆ. ವರ್ಷಕ್ಕೊಮ್ಮೆ ಜಾತ್ರೆಗೆ ಬರುವವನಿಗೆ ಮೂರು ತಾಸು ಹೆಚ್ಚಾದರೆ ಅದು ಬರೀ ಬೇಸರ. ಆದರೆ ಊರಲ್ಲಿ ತಂದೆಯೋ ತಾಯಿಯೋ ಹೋದರೆಂದು ಫೋನ್ ಬಂದಾಗ ಅದೇ ಮೂರು ತಾಸು ಬಹಳ ದೊಡ್ಡದು. "ಯಾವಾಗ ಮುಟ್ಟತಾನ? ಇಡೋಣೇನು, ಮುಗಿಸೋಣೇನು?" ಎಂಬ ಪ್ರಶ್ನೆ ಅಂಗಳದಲ್ಲಿ ಕುಳಿತ ಹಿರಿಯರಿಂದ ಬರುತ್ತದೆ. ಉತ್ತರ ಹೇಳಬೇಕಾದವ ಮೊಬೈಲ್ ಹಿಡಿದು ತಿಕೀಟು ಹುಡುಕುತ್ತಿರುತ್ತಾನೆ. ಅಲ್ಲಿ ಬೇಕಾಗುವ ಲೆಕ್ಕ ಕಿಲೋಮೀಟರಿನದಲ್ಲ.

ಸೊಲ್ಲಾಪುರದ ತಾಸು

ಆ ಲೆಕ್ಕದಲ್ಲಿ ಊರಿನ ಬದಿಯ ತಾಸುಗಳೂ ಸೇರಬೇಕು. ಮುಂಬೈನಿಂದ ನ್ಯೂಯಾರ್ಕಿಗೆ ಆಕಾಶದಲ್ಲಿ ಸುಮಾರು 12,500 ಕಿ.ಮೀ. ಸೊಲ್ಲಾಪುರದಿಂದ ಮುಂಬೈಗೆ ಆಕಾಶದಲ್ಲಿ 360 ಕಿ.ಮೀ., ಹಳಿಯ ಮೇಲೆ 455. ಸಿದ್ಧೇಶ್ವರ ಎಕ್ಸ್‌ಪ್ರೆಸ್‌ನಲ್ಲಿ ಒಂದು ರಾತ್ರಿ, ಅಕ್ಕಲಕೋಟ ಅಥವಾ ಮಂಗಳವೇಢೆಯ ಹಳ್ಳಿಯಿಂದ ಸ್ಟೇಷನ್‌ಗೆ ಎಸ್‌ಟಿ ಬಸ್ಸಿನಲ್ಲಿ ಒಂದೆರಡು ತಾಸು, ಮುಂಬೈಯಲ್ಲಿ ಸ್ಟೇಷನ್‌ನಿಂದ ವಿಮಾನತಳಕ್ಕೆ ಟ್ಯಾಕ್ಸಿ, ಅಲ್ಲಿ ಮೂರು ತಾಸು ಮೊದಲೇ ಹಾಜರಿ. ಕೂಡಿಸಿದರೆ ಹದಿಮೂರು, ಹದಿನಾಲ್ಕು ತಾಸು. ಅರ್ಧ ಜಗತ್ತು ದಾಟಲು ಹಿಡಿಯುವ ಹೊತ್ತಿಗೆ ಸುಮಾರು ಸಮನಾಗಿ ಮಹಾರಾಷ್ಟ್ರದೊಳಗೇ ಕಳೆಯುತ್ತದೆ.

ಸೊಲ್ಲಾಪುರ ವಿಮಾನತಳದ ಬೇಡಿಕೆ ಇಷ್ಟು ಕಾವೇರಿದ್ದು ಇದಕ್ಕೇ. ವಿಮಾನದ ದಾರಿಗೆ ಅಡ್ಡ ಎಂದು ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಚಿಮಣಿ ಕೆಡವಿದ್ದು 2023ರ ಜೂನ್ 15ರಂದು. ಕಬ್ಬು ಬೆಳೆಗಾರರ ಮನಸ್ಸಿಗೆ ಅದು ನೋವು, ವ್ಯಾಪಾರಸ್ಥರಿಗೆ ಆಸೆ, ಒಂದೇ ಮನೆಯಲ್ಲಿ ಎರಡೂ ಇದ್ದವು. ಗೋವಾಕ್ಕೆ ವಿಮಾನ ಹಾರಿದ್ದು 2025ರ ಜೂನ್‌ನಲ್ಲಿ, ಮುಂಬೈಗೆ ಶುರುವಾದದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ. ನಡುವೆ 2023ರ ಫೆಬ್ರುವರಿ 10ರಂದು ವಂದೇ ಭಾರತ್ ಬಂದು ಮುಂಬೈ ಪ್ರಯಾಣವನ್ನು ಆರೂವರೆ ತಾಸಿಗೆ ಇಳಿಸಿತ್ತು.

ತಿಕೀಟು ತೆಗೆಯುವವರು ನೋಡಬೇಕಾದದ್ದು ಇಷ್ಟೇ. ಒಟ್ಟು ತಾಸು ಎಷ್ಟು, ನಡುವೆ ಇಳಿಯುವುದು ಇದೆಯೇ, ವಿಮಾನ ಬದಲಿಸಲು ಬಿಟ್ಟ ಸಮಯ ಎಷ್ಟು. ತಡವಾದರೆ ಮುಂದಿನ ವಿಮಾನದ ಜವಾಬ್ದಾರಿ ಕಂಪನಿಗೆ ಬರಬೇಕೆಂದರೆ ಎರಡೂ ಹಾರಾಟ ಒಂದೇ ತಿಕೀಟಿನಲ್ಲಿ ಇರಬೇಕು. ಸ್ವಲ್ಪ ಅಗ್ಗ ಎಂದು ಬೇರೆ ಬೇರೆ ತೆಗೆದು ಪರದಾಡಿದವರು ಇದ್ದಾರೆ. ಮೊಣಕಾಲು ನೋವಿನ ಹಿರಿಯರಿಗೆ ಹದಿನೇಳು ತಾಸು ಒಂದೇ ಕುರ್ಚಿಗಿಂತ ನಡುವೆ ಒಮ್ಮೆ ಇಳಿದು ಅಡ್ಡಾಡುವ ದಾರಿಯೇ ಹಗುರ, ದೂರ ಸಾವಿರ ಕಿಲೋಮೀಟರ್ ಹೆಚ್ಚಾದರೂ ಅಡ್ಡಿಯಿಲ್ಲ.

ಬರುವವನ ವಿಮಾನ ಎಲ್ಲಿದೆ ಎಂದು ಈಗ ಮನೆಯಲ್ಲೇ ಕುಳಿತು ಮೊಬೈಲ್‌ನಲ್ಲಿ ನೋಡಬಹುದು. ಮಗ ಹೇಳಿಕೊಟ್ಟು ಹೋದ ಮೇಲೆ ತಾಯಂದಿರೂ ನೋಡುತ್ತಾರೆ. ಹಳದಿ ಬಣ್ಣದ ಸಣ್ಣ ವಿಮಾನ ಗ್ರೀನ್‌ಲ್ಯಾಂಡಿನ ಕಡೆ ಹೊರಳಿದಾಗ "ಅತ್ಲಾಗ ಯಾಕ ಹೊಂಟತಿ?" ಎಂದು ಗಾಬರಿಯಾಗುವುದುಂಟು. ಅದು ಸರಿಯಾದ ದಾರಿಯೇ. ಅರಬ್ಬೀ ಸಮುದ್ರಕ್ಕೆ ಬಂದು ಮುಂಬೈಗೆ ಇಳಿದ ಮೇಲೆ ಮುಂದಿನದು ಗಾಡಿಯ ಲೆಕ್ಕ. ವಂದೇ ಭಾರತ್ ಬಿಡುವುದು ಮಧ್ಯಾಹ್ನ ನಾಲ್ಕರ ಸುಮಾರಿಗೆ, ಸಿದ್ಧೇಶ್ವರ ರಾತ್ರಿ ಹತ್ತರ ಮೇಲೆ. ನಸುಕಿನಲ್ಲಿ ಇಳಿದವ ಅಲ್ಲಿಯವರೆಗೆ ಬ್ಯಾಗ್ ಕಾಯ್ದುಕೊಂಡು ಕೂಡಬೇಕು.